ನಾಲ್ಕು ಅಡಿ ಮೂರು ಇಂಚು

ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲವನ್ನೂ ಸಾಹೇಬರ ತಲೆಗೆ ಕಟ್ಟಿ ತಾನು ಸಾಚಾ ಆದ ಎಂದು ನಾಳೆ ಯಾರೂ ಅನ್ನಬಾರದು.

ಎಪ್ಪತ್ತಾರನೆಯ ಇಸವಿ. ಹೈದರಾಬಾದಿನ ನಾಂಪಲ್ಲಿಯಲ್ಲಿ ಬಡವರ ಮನೆಗಳ ನಕಾಶೆ ಮಾಡುವ ಒಂದು ಸರಕಾರಿ ಕಚೇರಿ. ಹೆಸರು ಬೇಡ. ನಾನು ಅಲ್ಲಿ ಟ್ರೇಸರ್. ಸಾಹೇಬರು ಪೆನ್ಸಿಲ್ಲಿನಲ್ಲಿ ಗೀಚಿದ್ದನ್ನು ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ತೆಗೆಯುವುದು, ತಪ್ಪಾದರೆ ಬ್ಲೇಡಿನಿಂದ ಕೆರೆಯುವುದು, ಇದೇ ಕೆಲಸ. ಗುಲಬರ್ಗಾ ಕಡೆಯ ಹೊಲೆಯರ ಅಮರೇಶಪ್ಪ ಸರಕಾರದ ಸ್ಟೂಲಿನ ಮೇಲೆ ಕೂತಿದ್ದಾನೆ ಎಂಬುದೇ ನಮ್ಮ ಜೋಪಡಿ ಬಸ್ತಿಗೆ ದೊಡ್ಡ ಸುದ್ದಿ.

ಸಾಹೇಬರ ಹೆಸರು ಜಯತೀರ್ಥ. ಆರ್ಕಿಟೆಕ್ಟ್. ಅವರೂ ನಮ್ಮ ಕಡೆಯವರೇ, ಮೂಲ ರಾಯಚೂರು. ಅವರ ಅಜ್ಜ ನಿಜಾಮರ ಕಾಲದಲ್ಲೇ ಇಲ್ಲಿಗೆ ಬಂದು ನೌಕರಿ ಹಿಡಿದವರು. ಕೆಟ್ಟ ಮನುಷ್ಯ ಅಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಬೇಗ ಮುಗಿಯುತ್ತಿತ್ತು. ಅವರಿಗೆ ಬಡವರೆಂದರೆ ಬಹಳ ಪ್ರೀತಿ. ಬಡವರ ಬಗ್ಗೆ ಮಾತಾಡುತ್ತ ಮಾತಾಡುತ್ತ ಕಣ್ಣು ಒದ್ದೆಯಾಗುತ್ತಿತ್ತು, ಚಹಾ ಆರಿಹೋಗುತ್ತಿತ್ತು. ನಾನು ಓಡಿಹೋಗಿ ಇನ್ನೊಂದು ಚಹಾ ಹೇಳಿ ಬರುತ್ತಿದ್ದೆ. ನನ್ನ ಲೋಟ ಮಾತ್ರ ಕಿಟಕಿ ಕಟ್ಟೆಯ ಮೇಲೆ ಬೇರೆ ಇತ್ತು. ಅದನ್ನು ಅಲ್ಲಿ ಇಟ್ಟವರು ಸಾಹೇಬರಲ್ಲ. "ನಾ ಜಾತಿ ಗೀತಿ ನೋಡಂಗಿಲ್ಲಪಾ" ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ನಿಜ. ಅವರು ಆ ಲೋಟವನ್ನೂ ನೋಡಲಿಲ್ಲ.

ಒಂದು ದಿನ ಕರೆದರು.

"ಅಮರೇಶ, ಈ ವಿಲಾಯತಿ ಪುಸ್ತಕದಾಗಿನ ಅಳತಿ ನಮಗ್ಯಾಕ? ಅವರು ಆರಡಿ ಮಂದಿ. ನಮ್ಮ ಬಡವರ ಅಳತಿ ನಾವ ತಗೋಬೇಕು. ನಿಮ್ಮ ಮಂದ್ಯಾಗ ಯಾರನ್ನರ ಕರ್ಕೊಂಡು ಬಾ. ಹೆಣ್ಣಮಗಳಾದ್ರ ಛಲೋ. ಮನಿ ಅಂದ್ರ ಹೆಣ್ಣಮಕ್ಕಳದು ನೋಡು."

ನಿಮ್ಮ ಮಂದಿ ಎಂದರಲ್ಲ, ನನಗೆ ಹೆಮ್ಮೆಯಾಯಿತು. ಬೆಂಕಿ ಬೀಳಲಿ ಆ ಹೆಮ್ಮೆಗೆ. ನಾನು ಅಕ್ಕನನ್ನೇ ಕರೆತಂದೆ.

ಅಕ್ಕ ಸುಂದರಾಬಾಯಿ ನನಗಿಂತ ಎಂಟು ವರ್ಷ ದೊಡ್ಡವಳು. ಗಂಡ ಸತ್ತಿದ್ದ. ಒಂಬತ್ತು ವರ್ಷದ ಮಗಳು ನೀಲಾಳನ್ನು ಕಟ್ಟಿಕೊಂಡು ರೈಲು ಹಳಿಯ ಪಕ್ಕದ ಜೋಪಡಿಯಲ್ಲಿ ನನ್ನ ಜೊತೆಗಿದ್ದಳು. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಕಲ್ಲು, ಮರಳು, ಸಿಮೆಂಟು, ಏನು ಕೊಟ್ಟರೂ ತಲೆಯ ಮೇಲೆ. ಸಿಂಬಿ ಕೂತು ಕೂತು ನೆತ್ತಿಯಲ್ಲಿ ಕೂದಲು ಉದುರಿ ಅಂಗೈಯಷ್ಟು ಬೋಳಾಗಿತ್ತು. ಅಂಗಾಲನ್ನು ಸಿಮೆಂಟು ತಿಂದು ಸೀಳಿಹಾಕಿತ್ತು. ಅವತ್ತು ಕೆಲಸ ಬಿಟ್ಟು, ತಲೆಗೆ ಎರೆದುಕೊಂಡು, ಹಬ್ಬದ ಇಳಕಲ್ ಸೀರೆ ಉಟ್ಟು ಬಂದಳು. ಸಾಹೇಬರು ಮನೆ ಕೊಡಿಸುತ್ತಾರೆ ಎಂದು ನಾನೇ ಹೇಳಿದ್ದೆ. ದೇವರಂಥ ಮನುಷ್ಯ ಎಂದೂ ಹೇಳಿದ್ದೆ.

ಹಿಂದಿನ ಮೆಟ್ಟಿಲಿನಿಂದ ಬನ್ನಿ ಎಂದರು, ಬಂದೆವು. ಮೇಜು ಸರಿಸಿ ನೆಲದ ಮೇಲೆ ಹಳೆಯ ಪೇಪರು ಹಾಸಿದ್ದರು. ಅಕ್ಕನ ಸೀರೆ ಕೊಳೆಯಾಗದಿರಲಿ ಎಂದು ಹಾಸಿದ್ದಾರೆ ಅಂದುಕೊಂಡೆ. ಎಲ್ಲ ಮುಗಿದ ಮೇಲೆ ಪ್ಯೂನು ಆ ಪೇಪರನ್ನು ಎರಡೇ ಬೆರಳಿನಲ್ಲಿ ಎತ್ತಿಕೊಂಡು ಹೊರಗೆ ಹೋದ. ಬಂದು ನೆಲಕ್ಕೆ ಫಿನಾಯಿಲ್ ಹಾಕಿದ. ಆಗ ತಿಳಿಯಿತು.

ಐದು ಜನ ಗಂಡಸರು, ನಡುವೆ ಅಕ್ಕ. ನಿಲ್ಲು ಎಂದರು, ನಿಂತಳು. ಕೈ ಮೇಲೆತ್ತು ಎಂದರು, ಎತ್ತಿದಳು. ರೊಟ್ಟಿ ಬಡಿಯುವಾಗ ಕೂಡುವಂತೆ ಕೂಡು ಎಂದರು, ಕೂತಳು. ಆಮೇಲೆ ಸಂಡಾಸಿಗೆ ಕೂಡುವಂತೆ ಕೂಡು ಎಂದರು. ಅಕ್ಕ ನನ್ನ ಮುಖ ನೋಡಿದಳು. ನಾನು ಟೇಪು ನೋಡಿದೆ. ಅವಳು ಕೂತಳು. ಮೊಣಕಾಲಿನಿಂದ ಮೊಣಕಾಲಿಗೆ ಎಷ್ಟು, ಬೆನ್ನಿನಿಂದ ಮೊಣಕಾಲಿಗೆ ಎಷ್ಟು ಎಂದು ನಾನು ಅಳೆದು ಗಟ್ಟಿಯಾಗಿ ಹೇಳಿದೆ. ಸಾಹೇಬರು ಬರೆದುಕೊಂಡರು.

ಕೊನೆಗೆ ಮಲಗು ಎಂದರು.

"ಮಲ್ಕೊ ಬಾಯಿ. ಮನ್ಯಾಗ ಹ್ಯಾಂಗ ಮಲ್ಕೋತಿ ಹಂಗ. ಸಂಕೋಚ ಮಾಡ್ಕೋಬ್ಯಾಡ."

ಸಾಹೇಬರು ನಿಂತಿದ್ದು ಅವಳ ಕಾಲ ಕಡೆ. ಅಕ್ಕ ಪೇಪರಿನ ಮೇಲೆ ಮಲಗಿದಳು. ಅಂಗಾಲು ಸಾಹೇಬರ ಕಡೆ ಹೋಗುತ್ತದೆಂದು ಹೊಳೆದು, ಗಡಬಡಿಸಿ ಮಗ್ಗುಲಾಗಿ ಕಾಲು ಮಡಚಿಕೊಂಡಳು. ಮೊಣಕಾಲು ಮುಂದಕ್ಕೆ ಬಂತು. ಸೆರಗು ಮುಖಕ್ಕೆ ಬಂತು. ದೊಡ್ಡವರ ಎದುರು ಕಾಲು ಚಾಚಿದರೆ ನಮ್ಮಲ್ಲಿ ಸಣ್ಣವರಿದ್ದಾಗಲೇ ಏಟು ಬೀಳುತ್ತದೆ. ದೊಡ್ಡವರು ಎಂದರೆ ಯಾರು ಎಂಬುದನ್ನೂ ಆ ಏಟೇ ಕಲಿಸುತ್ತದೆ. ನಾನು ಟೇಪಿನ ತುದಿಯನ್ನು ಅವಳ ನೆತ್ತಿಗೆ ಹಿಡಿದೆ. ಪ್ಯೂನು ಇನ್ನೊಂದು ತುದಿಯನ್ನು ಹಿಮ್ಮಡಿಯ ಹತ್ತಿರ, ತಾಗದ ಹಾಗೆ, ಹಿಡಿದ.

ನಾಲ್ಕು ಅಡಿ ಮೂರು ಇಂಚು.

ಸಾಹೇಬರ ಮುಖ ಅರಳಿತು. "ನೋಡಿದ್ಯಾ ಅಮರೇಶ! ಶ್ರಮಜೀವಿ ಮುದುಡಿ ಮಲಗ್ತಾನ. ಚಾಚಿ ಮಲಗೋದು ನಮ್ಮಂಥ ಆರಾಮ ಮಂದಿ ಚಟ. ಇದು ಯಾವ ಪುಸ್ತಕದಾಗೂ ಇಲ್ಲ!"

ಸಂಜೆ ಮನೆಗೆ ನಡೆಯುವಾಗ ಅಕ್ಕನನ್ನು ಕೇಳಿದೆ. "ಯಾಕ ಹಂಗ ಮುದುಡಿದಿ? ಮನ್ಯಾಗ ಕಾಲು ಚಾಚೇ ಮಲಗ್ತೀಯಲ್ಲ?"

"ಅಯ್ಯ, ದೇವರಂಥ ಮನಿಶ್ಯಾ ಅಂತ ನೀನ ಹೇಳಿದ್ದಿ. ಅವರ ಮಾರಿಗೆ ಕಾಲು ಚಾಚಲೇನು? ನಿನ್ನ ನೌಕರಿ ಉಳೀತಿತ್ತೇನು?"

ಮಾರನೆಯ ದಿನ ಸಾಹೇಬರಿಗೆ ಹೇಳಿದೆ. ಹೇಳಲೇ ಇಲ್ಲ ಎಂದು ಯಾರೂ ಅನ್ನಬೇಡಿ. "ಸಾಹೇಬ್ರ, ಅಕ್ಕ ನಿಮ್ಮನ್ನ ನೋಡಿ ನಾಚಿ ಕಾಲು ಮಡಚ್ಯಾಳ್ರಿ. ದಿನಾ ಹಂಗ ಮಲಗಂಗಿಲ್ರಿ."

ಅವರು ನಕ್ಕರು. ನನ್ನ ಭುಜದ ಪಕ್ಕದ ಗಾಳಿಯನ್ನು ತಟ್ಟಿದರು. "ಅಂಕಿ ಅಂಶದಾಗ ನಾಚಿಕಿ ಅಂತ ಕಾಲಂ ಇಲ್ಲಪಾ. ಹೋಗು, ಟ್ರೇಸ್ ಮಾಡು."

ಹೋಗಿ ಟ್ರೇಸ್ ಮಾಡಿದೆ. ಮುಖವಿಲ್ಲದ, ಮುದುಡಿ ಮಲಗಿದ ಒಂದು ಹೆಂಗಸು. ಕೆಳಗೆ 'ಚಿತ್ರ ಏಳು' ಎಂದು ಬರೆದೆ. ಬ್ಲೇಡು ಪಕ್ಕದಲ್ಲೇ ಇತ್ತು. ಕೆರೆಯಲಿಲ್ಲ.

ಮುಂದಿನ ಹನ್ನೊಂದು ವರ್ಷ ಚಿತ್ರ ಏಳು ಸಾಹೇಬರನ್ನು ತಲೆಯ ಮೇಲೆ ಹೊತ್ತು ನಡೆಯಿತು. ಅವರು 'ಮುದುಡಿದ ನಿದ್ರೆ' ಎಂದು ಪ್ರಬಂಧ ಬರೆದರು. ದಿಲ್ಲಿಯಲ್ಲಿ ಓದಿದರು. ಕೇಳಿದವರು ಚಪ್ಪಾಳೆ ತಟ್ಟಿ ಒಂದು ಸಮಿತಿ ಮಾಡಿದರು. ಸಮಿತಿಯವರು ಲೆಕ್ಕ ಹಾಕಿ, ಬಡವ ಮುದುಡಿ ಮಲಗುವುದಾದರೆ ಆರು ಮನೆಯ ಜಾಗದಲ್ಲಿ ಏಳು ಮನೆ ಕಟ್ಟಬಹುದು ಎಂದು ಕಂಡುಹಿಡಿದರು. ಎಲ್ಲರಿಗೂ ಸಂತೋಷವಾಯಿತು. ಅಕ್ಕನಿಗೆ 'ಕನಿಷ್ಠ ಮಾನವ' ಎಂದು ನಾಮಕರಣವಾಯಿತು. ಸುಂದರಾಬಾಯಿ ಎಂಬ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ.

ಸಾಹೇಬರು ಸಹಾಯಕರಿದ್ದವರು ಉಪಮುಖ್ಯರಾದರು. ಉಪ ಹೋಗಿ ಮುಖ್ಯರಾದರು. ಹಿಮಾಯತ್‌ನಗರದಲ್ಲಿ ಸ್ವಂತ ಮನೆ ಕಟ್ಟಿಸಿದರು. ಅದರ ನಕಾಶೆಯನ್ನು ನಾನೇ ರವಿವಾರಗಳಲ್ಲಿ ಟ್ರೇಸ್ ಮಾಡಿಕೊಟ್ಟೆ. ಕೂತಲ್ಲೇ ಕೂತಿರುವ ದೇವರಿಗೆ ಆರಡಿ ಉದ್ದದ ಕೋಣೆ ಇತ್ತು. ಜಿನೀವಾಕ್ಕೂ ಹೋಗಿ ಚಿತ್ರ ಏಳನ್ನು ಪರದೆಯ ಮೇಲೆ ತೋರಿಸಿ ಬಂದರು. ಬಂದ ದಿನ ಸೊಂಟ ಹಿಡಿದುಕೊಂಡು ಕಚೇರಿಯಲ್ಲಿ ಗೊಣಗಿದರು. "ವಿಮಾನದಾಗ ಕಾಲು ಚಾಚಲಿಕ್ಕೆ ಜಾಗಾನ ಇಲ್ಲಪಾ ಅಮರೇಶ! ಎಂಟು ತಾಸು! ಮನುಷ್ಯಾ ಕೂಡೋ ಅಳತೀನ ಅದು?" ನಾನು ಅಯ್ಯೋ ಪಾಪ ಎಂದೆ. ನಿಜವಾಗಿಯೂ ಎಂದೆ. ಅಷ್ಟು ಚೆನ್ನಾಗಿ ಪಳಗಿದ್ದೆ.

ಎಂಬತ್ತೇಳರಲ್ಲಿ ಮಣಿಕೊಂಡದ ಬಂಡೆಗಳ ನಡುವೆ ಇನ್ನೂರ ಹನ್ನೆರಡು ಮನೆಗಳ ಕಾಲೊನಿ ಎದ್ದಿತು. ಆಗ ಅದು ಊರ ಹೊರಗಿನ ಹಳ್ಳಿ. ದಿನಕ್ಕೆ ಎರಡು ಬಸ್ಸು. ಇತ್ತ ರೈಲು ಹಳಿಯ ಪಕ್ಕದ ನಮ್ಮ ಬಸ್ತಿಗೆ ಖಾಲಿ ಮಾಡಿ ಎಂದು ನೋಟೀಸು ಬಂತು. ಜೋಪಡಿ ಬೀಳುವುದು ಗ್ಯಾರಂಟಿ. ಸಾಹೇಬರು ಅಕ್ಕನನ್ನು ನೆನೆಸಿದರು. ಒಂದನೇ ನಂಬರಿನ ಮನೆ ಅವಳಿಗೇ ಎಂದರು. ಹದಿನೈದು ದಿನ ಮೊದಲೇ ಕೀಲಿ ಕೊಟ್ಟರು. ಪಟ್ಟಾ ಮಾತ್ರ ಮಂತ್ರಿಗಳು ಬಂದ ದಿನ, ಅವರ ಕೈಯಿಂದ.

ಆ ಮನೆಗೆ ಕಲ್ಲು ಹೊತ್ತವಳು ಅಕ್ಕನೇ. ಏಣಿ ಹತ್ತಿ ಸ್ಲಾಬಿಗೆ ಕಾಂಕ್ರೀಟು ಹೊತ್ತವಳೂ ಅವಳೇ. ಗೋಡೆ ಏಳುವಾಗಲೇ ಅವಳು ಮೇಸ್ತ್ರಿಯನ್ನು ಕೇಳಿದ್ದಳಂತೆ, ಇದು ಮನೆಯೋ ಮನೆಯ ಕಪಾಟೋ ಎಂದು. ಮಲಗುವ ಜಾಗ ಆರಡಿ ಉದ್ದ, ನಾಲ್ಕೂವರೆ ಅಡಿ ಅಗಲ. ತಲೆಗೆ ಒಂದೂವರೆ ಅಡಿಯಂತೆ ನಾಲ್ಕು ಜನ ಮಗ್ಗುಲಾಗಿ, ಮುದುಡಿ, ಸಾಲಾಗಿ ಮಲಗಬೇಕು. ಪಕ್ಕದಲ್ಲಿ ಒಲೆಗೆ ಮೂರಡಿ. ಹಿಂದೆ ಸಂಡಾಸು, ಅದೂ ಅಕ್ಕನ ಮೊಣಕಾಲಿನ ಅಳತೆಯದೇ. ಬಾಗಿಲು ತೆರೆದರೆ ಬೀದಿ.

ನೀಲಾ ಚೊಚ್ಚಲ ಹೆರಿಗೆಗೆಂದು ಗಂಡನ ಮನೆಯಿಂದ ಬಂದಿದ್ದಳು. ಆ ಮನೆಗೆ ಹೋದ ಆರನೆಯ ದಿನ, ಮಧ್ಯಾಹ್ನ, ನೋವು ಶುರುವಾಯಿತು. ಬಸ್ಸು ಹೋಗಿಬಿಟ್ಟಿತ್ತು. ಅಕ್ಕನ ಜೊತೆ ಗಾರೆ ಹೊರುವ ಉಮಾಬಾಯಿ ಸೂಲಗಿತ್ತಿ ಕೆಲಸವನ್ನೂ ಬಲ್ಲವಳು. ಕೈ ತೊಳೆದುಕೊಂಡು ಓಡಿ ಬಂದಳು. ಉದ್ದಕ್ಕೆ ಮಲಗಿಸಿದರೆ ನೀಲಾಳ ಕಾಲು ಗೋಡೆಯ ಹತ್ತಿರ ಹೋಗುತ್ತಿತ್ತು, ಉಮಾಬಾಯಿಗೆ ಕೂಡಲು ಜಾಗವಿಲ್ಲ. ಅಡ್ಡಕ್ಕೆ ಮಲಗಿಸಿದರೆ ಕಾಲು ಬಾಗಿಲಿನ ಹೊರಗೆ.

ಬೇರೆ ದಾರಿ ಇರಲಿಲ್ಲ. ಬಾಗಿಲು ತೆರೆದರು. ನೀಲಾಳ ತಲೆ ಮನೆಯೊಳಗೆ, ಕಾಲು ಬೀದಿಯಲ್ಲಿ. ಉಮಾಬಾಯಿ ಬೀದಿಯಲ್ಲೇ ಕೂತಳು. ಎದುರಿನ ಮನೆಯ ಸ್ಲಾಬಿನ ಮೇಲೆ ಗಂಡಾಳುಗಳು ಕೆಲಸ ಮಾಡುತ್ತಿದ್ದರು. ಅಕ್ಕ ತನ್ನ ಸೀರೆಯ ಒಂದು ತುದಿಯನ್ನು ಕದದ ಮೂಲೆಗೆ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಎತ್ತಿ ಹಿಡಿದು ಮೂರು ತಾಸು ನಿಂತಳು. ಗಾಳಿ ಬಂದಾಗಲೆಲ್ಲ ಸೀರೆ ಹಾರುತ್ತಿತ್ತು. ಮೇಲಿನವರು ಕೆಲಸ ನಿಲ್ಲಿಸಿ ಬೆನ್ನು ತಿರುಗಿಸಿ ಕೂತರು. ಅವರಿಗೆ ಇದ್ದ ಮಾನ ಆ ನಕಾಶೆಗೆ ಇರಲಿಲ್ಲ. ಹೆಣ್ಣು ಹುಟ್ಟಿತು. ಬೀದಿಯ ಮಣ್ಣಿನ ಮೇಲೆ ಬಿದ್ದ ರಕ್ತವನ್ನು ಅಕ್ಕನೇ ತೊಳೆದಳು.

ನಾನು ಸಂಜೆ ಹೋದಾಗ ಅವಳು ಹೊಸಿಲ ಮೇಲೆ ಕೂತಿದ್ದಳು. ಒಂದೇ ಮಾತು ಕೇಳಿದಳು.

"ಅಮರ್ಯಾ, ಅವತ್ತ ನಾ ಮಡಚಿದ ಕಾಲು ಇದೇನು?"

ಹೌದೆಂದು ತಲೆ ಆಡಿಸಿದೆ.

ಮಂತ್ರಿಗಳು ಬರುವ ಹಿಂದಿನ ದಿನ ಸಾಹೇಬರು ಬಂದು ಅಕ್ಕನಿಗೆ ತಯಾರಿ ಮಾಡಿಸಿದರು. "ಏನಿಲ್ಲ ಬಾಯಿ, ಫಾರಿನ್ನಿನವರು ಬರ್ತಾರ. ಅವತ್ತ ಮಲ್ಕೊಂಡಿದ್ಯಲ್ಲ, ಹಂಗ ಎರಡ ನಿಮಿಷ ಮಲ್ಕೊ. ಫೋಟೋ ತೆಗೀತಾರ. ಪಟ್ಟಾ ನಿನ್ನ ಕೈಯಾಗ." ಕೂಸಿನ ತೊಟ್ಟಿಲನ್ನು ಕಂಡು, ಫೋಟೋಕ್ಕೆ ಅಡ್ಡ ಬರುತ್ತದೆ, ನಾಳೆ ತೆಗೆಸು ಎಂದೂ ಹೇಳಿದರು. ಅಕ್ಕ ಹೂಂ ಎಂದಳು.

ಮರುದಿನ ಶಾಮಿಯಾನ ಹಾಕಿತ್ತು. ಮಂತ್ರಿಗಳು, ಸಾಲ ಕೊಡುವ ವಿದೇಶದ ಮೂವರು, ಕ್ಯಾಮರಾದವರು, ಹಾರಗಳು. ಒಂದನೇ ಮನೆಯ ಹೊರಗೋಡೆಯ ಮೇಲೆ ಚಿತ್ರ ಏಳನ್ನು ಆಳೆತ್ತರ ದೊಡ್ಡದು ಮಾಡಿ ತೂಗುಹಾಕಿದ್ದರು. ತೂಗುಹಾಕಿದವನು ನಾನು. ಸಾಹೇಬರು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಕಣ್ಣು ಎಂದಿನ ಹಾಗೆ ಒದ್ದೆಯಾಯಿತು. ಆಮೇಲೆ ಎಲ್ಲರನ್ನೂ ಬಾಗಿಲ ಮುಂದೆ ನಿಲ್ಲಿಸಿ, ಒಳಗೆ ಬಗ್ಗಿ ಹೇಳಿದರು.

"ಹೂಂ ಬಾಯಿ. ಮಲ್ಕೊ."

ಅಕ್ಕ ಮಲಗಿದಳು. ಅಂಗಾತ ಮಲಗಿದಳು. ತಲೆಯನ್ನು ಹಿಂದಿನ ಗೋಡೆಗೆ ಒತ್ತಿ ಇಟ್ಟು, ಎರಡೂ ಕಾಲನ್ನು ನೀಟಾಗಿ ಚಾಚಿದಳು. ಕಾಲು ಹೊಸಿಲು ದಾಟಿ ಹೊರಗೆ ಬಂತು. ಸೀಳಿದ ಎರಡು ಅಂಗಾಲು, ಸಿಮೆಂಟು ಮೆತ್ತಿದ್ದು, ಸಾಹೇಬರ ಮತ್ತು ಮಂತ್ರಿಗಳ ಎದುರಿಗೆ ನೆಟ್ಟಗೆ ನಿಂತವು.

ಮಂತ್ರಿಗಳು ಒಂದು ಹೆಜ್ಜೆ ಹಿಂದೆ ಸರಿದರು. ಕ್ಯಾಮರಾ ಒಂದು ಕ್ಲಿಕ್ಕೆಂದಿತು.

"ಬಾಯಿ, ಕಾಲು... ಕಾಲು ಮಡಚು." ಸಾಹೇಬರು ನಗುತ್ತಲೇ ಹೇಳಿದರು.

"ಮಡಚಂಗಿಲ್ರಿ."

"ಏ, ಹಿಂಗ ಮಾಡಬಾರದು. ದೊಡ್ಡವರು ನಿಂತಾರ."

"ನಿಲ್ಲಲಿರಿ. ಅವತ್ತ ನಿಮಗ ಮರ್ಯಾದಿ ಕೊಟ್ಟು ಮಡಚಿದ್ದೆ. ಆ ಮರ್ಯಾದಿ ತಗೊಂಡು ನೀವು ಗ್ವಾಡಿ ಕಟ್ಟಿದ್ರಿ. ನನ್ನ ಮಗಳು ಬೀದ್ಯಾಗ ಕಾಲು ಇಟ್ಟು ಹಡದಾಳ್ರಿ. ಮಡಚಂಗಿಲ್ಲ."

"ಪಟ್ಟಾ ಬ್ಯಾಡೇನು ನಿನಗ?" ಈಗ ನಗು ಇರಲಿಲ್ಲ.

"ಪಟ್ಟಾ ಬೇಕು. ಕಾಲೂ ಬೇಕು. ಅಮರ್ಯಾ! ಎಲ್ಲದಿ? ಟೇಪ್ ತಗೊಂಡು ಬಾ. ಅಳಿ ನನ್ನ."

ಕಚೇರಿಯ ಟೇಪು ನನ್ನ ಜೇಬಿನಲ್ಲೇ ಇತ್ತು. ಸಾಹೇಬರು ನನ್ನನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಕಿಟಕಿ ಕಟ್ಟೆಯ ಮೇಲಿನ ಲೋಟ ನೆನಪಾಯಿತು. ಎರಡು ಬೆರಳಿನ ಪೇಪರು ನೆನಪಾಯಿತು. ಹೋಗಿ ಮೊಣಕಾಲೂರಿ ಕೂತೆ. ಟೇಪಿನ ಒಂದು ತುದಿಯನ್ನು ಅಕ್ಕ ತಾನೇ ನೆತ್ತಿಗೆ ಹಿಡಿದುಕೊಂಡಳು. ಇನ್ನೊಂದನ್ನು ನಾನು ಅವಳ ಹಿಮ್ಮಡಿಗೆ ಒತ್ತಿದೆ. ಈ ಸಲ ತಾಗುವ ಹಾಗೆ ಒತ್ತಿದೆ.

"ಐದು ಅಡಿ ಒಂದು ಇಂಚು" ಎಂದು ಕೂಗಿದೆ. ಮಂತ್ರಿಗಳಿಗೆ ತಿಳಿಯಲೆಂದು ತೆಲುಗಿನಲ್ಲಿ ಕೂಗಿದೆ. ಕ್ಯಾಮರಾದವರಿಗೆ ಹಿಂದಿಯಲ್ಲಿ ಕೂಗಿದೆ. ಹಿಂದೆ ನಿಂತಿದ್ದ ಹೆಂಗಸರಲ್ಲಿ ಉಮಾಬಾಯಿ ಮೊದಲು ನಕ್ಕಳು. ಆಮೇಲೆ ಇಡೀ ಬೀದಿ ನಕ್ಕಿತು.

ಪಟ್ಟಾ ಬರಲಿಲ್ಲ. 'ಫಲಾನುಭವಿಯ ಅಸಹಕಾರ' ಎಂದು ಫೈಲಿನಲ್ಲಿ ಬರೆದರು. ನನಗೆ ಮೆಮೊ ಬಂತು, 'ಸರಕಾರಿ ಅಳತೆ ಉಪಕರಣದ ದುರುಪಯೋಗ' ಎಂದು. ಹನ್ನೊಂದು ವರ್ಷ ನಾನು ಅದರ ದುರುಪಯೋಗ ಮಾಡಿದ್ದು ನಿಜ. ಅದೊಂದು ದಿನ ಮಾತ್ರ ಮಾಡಿರಲಿಲ್ಲ. ಹಾಗೆಂದು ಉತ್ತರ ಬರೆದುಕೊಟ್ಟೆ. ನೌಕರಿ ಹೋಯಿತು. ಟೇಪು ವಾಪಸು ಮಾಡು ಎಂದರು, ಮಾಡಲಿಲ್ಲ.

ಮನೆಯನ್ನೂ ನಾವು ಬಿಡಲಿಲ್ಲ. ಮಾರನೆಯ ವಾರ ಅಕ್ಕ ಹಾರೆ ತಂದು ಮುಂದಿನ ಗೋಡೆಗೆ ಹೊಡೆದಳು. ತಾನು ಹೊತ್ತ ಕಲ್ಲನ್ನು ತಾನೇ ಕಿತ್ತು, ಬೀದಿಯ ಕಡೆಗೆ ಎರಡೂವರೆ ಅಡಿ ಸರಿಸಿ, ಮತ್ತೆ ಕಟ್ಟಿದಳು. ನಾನು ಗಾರೆ ಕಲಸಿದೆ. ಅಕ್ರಮ ಎಂದು ನೋಟೀಸು ಬಂತು. ಅಷ್ಟರಲ್ಲಿ ಎರಡನೇ ಮನೆಯವರೂ ಗೋಡೆ ಸರಿಸಿದ್ದರು. ವರ್ಷ ತುಂಬುವುದರೊಳಗೆ ಇನ್ನೂರ ಹನ್ನೆರಡೂ ಮನೆಗಳು ಕಾಲು ಚಾಚಿದವು. ಬೀದಿ ಕಿರಿದಾಯಿತು. ಮಂತ್ರಿಗಳ ಕಾರು ಇನ್ನು ಒಳಗೆ ಬರುವುದಿಲ್ಲ ಎಂಬುದೊಂದೇ ನಷ್ಟ.

ತೊಂಬತ್ತೆರಡರಲ್ಲಿ ಒಂದು ಬೆಳಿಗ್ಗೆ ಸಾಹೇಬರು ಬಂದರು. ನಿವೃತ್ತರಾಗಿದ್ದರು, ಈಗ ಸಲಹೆಗಾರರು. ಕೂದಲು ಬೆಳ್ಳಗಾಗಿತ್ತು. ಹಿಂದೆ ಆರೇಳು ಜನ ವಿದ್ಯಾರ್ಥಿಗಳು, ಕೈಯಲ್ಲಿ ಪುಸ್ತಕ ಪೆನ್ಸಿಲು. ಸರಿಸಿದ ಗೋಡೆಗಳನ್ನು ತೋರಿಸಿ ಪಾಠ ಮಾಡುತ್ತಿದ್ದರು. 'ಬೆಳೆಯುವ ಮನೆ' ಎಂದು ಅವರ ಹೊಸ ಪ್ರಬಂಧವಂತೆ. ಜನ ತಾವಾಗಿಯೇ ಬೆಳೆಸಿಕೊಳ್ಳಲಿ ಎಂದೇ ಮೊದಲು ಮನೆಯನ್ನು ಸಣ್ಣದಾಗಿ ಕೊಟ್ಟಿದ್ದರಂತೆ. ಅದಕ್ಕೆ ಪ್ರಶಸ್ತಿಯೂ ಬರುವುದಿದೆಯಂತೆ. ಹುಡುಗರು ಭಕ್ತಿಯಿಂದ ಬರೆದುಕೊಳ್ಳುತ್ತಿದ್ದರು.

ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಸಾಹೇಬರು ಎದುರಿಗೆ ಬಂದರೂ ಮಡಚಲಿಲ್ಲ. ನೀಲಾಳ ಐದು ವರ್ಷದ ಮಗಳು ಅವಳ ಪಕ್ಕದಲ್ಲಿ ಅದೇ ಭಂಗಿಯಲ್ಲಿ ಕೂತಿತ್ತು.

"ಏನ ಬಾಯಿ, ಆರಾಮ ಇದ್ದೀಯಾ? ಹಳೇದೆಲ್ಲಾ ಮರತುಬಿಡೋಣ. ಈ ಮನಿ ಹ್ಯಾಂಗ ಬೆಳೀತು, ನೀವು ಒಳಗ ಹ್ಯಾಂಗ ಮಲಗ್ತೀರಿ, ಅಷ್ಟು ಅಳತಿ ಕೊಡು. ಪಟ್ಟಾಕ್ಕ ನಾನ ಶಿಫಾರಸು ಬರೀತೀನಿ. ನನ್ನ ಮಾತು ಇನ್ನೂ ನಡೀತದ."

ಅಕ್ಕ ಅವರನ್ನು ನೋಡಿದಳು. ನಿಧಾನಕ್ಕೆ ಎದ್ದು ಒಳಗೆ ಹೋದಳು. ಹಳೆಯ ಪೇಪರಿನ ಕಟ್ಟು ತಂದಳು. ಬಾಗಿಲಿನ ಒಳಗೆ, ಸರಿಸಿ ಕಟ್ಟಿದ ಗೋಡೆಯ ಪಕ್ಕ, ಒಂದೊಂದೇ ಹಾಳೆ ಹಾಸಿದಳು. ಬಗ್ಗಿ ಅಂಚು ಸರಿ ಮಾಡಿದಳು.

"ಅಳತಿ ಕೊಡೂಣಂತ. ಮೊದ್ಲ ನಿಮ್ಮದು ತಗೋತೀವಿ. ಮಲ್ಕೋರಿ ಸಾಹೇಬ್ರ. ಮನ್ಯಾಗ ಹ್ಯಾಂಗ ಮಲ್ಕೋತೀರಿ ಹಂಗ. ಸಂಕೋಚ ಮಾಡ್ಕೋಬ್ಯಾಡ್ರಿ."

ಹುಡುಗರ ಪೆನ್ಸಿಲು ನಿಂತವು. ಸಾಹೇಬರು ಪೇಪರನ್ನು ನೋಡುತ್ತ ನಿಂತರು.

ನಾನು ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿನಿಂದ ಸರಕಾರದ ಟೇಪು ತೆಗೆದುಕೊಂಡು, ಹೋಗಿ ಕಾಲ ಕಡೆ ನಿಂತೆ.